ಕೀಲಿಕೈ ಯಾರ ಹತ್ತಿರ?

ಸಹೋದರಿಯರೇ, ನಿಮ್ಮ ಮನೆಯ ವೈಫೈ ಡಬ್ಬಿ ಎಲ್ಲಿದೆ? ಹೆಚ್ಚಿನ ಮನೆಗಳಲ್ಲಿ ಅದು ಟಿ.ವಿ.ಯ ಪಕ್ಕದಲ್ಲೋ ಶೋಕೇಸಿನ ಮೇಲೋ ಇರುತ್ತದೆ. ಇಲ್ಲವೇ ಗೋಡೆಯ ಮೊಳೆಗೆ ನೇತುಬಿದ್ದು ಹಸಿರು ದೀಪ ಮಿನುಗಿಸುತ್ತಿರುತ್ತದೆ. ಧೂಳು ಕೂರಬಾರದೆಂದು ಅದಕ್ಕೆ ಕಸೂತಿ ಬಟ್ಟೆ ಹೊದಿಸಿದವರನ್ನೂ ನಾನು ಕಂಡಿದ್ದೇನೆ. (ದಯವಿಟ್ಟು ಹೊದಿಸಬೇಡಿ, ಅದಕ್ಕೆ ಸೆಕೆಯಾಗುತ್ತದೆ.) ರೂಟರ್ ಎಂದು ಕರೆಯುವ ಈ ಡಬ್ಬಿಯನ್ನು ದಿನವೂ ಒರೆಸುವವರು ನಾವು. ನೆಟ್ ನಿಂತಾಗ ಸ್ವಿಚ್ಚು ಆರಿಸಿ ಮತ್ತೆ ಹಾಕುವವರೂ ನಾವೇ. ಆದರೆ ಅದರ ಪಾಸ್‌ವರ್ಡ್ ಏನು, ಅದನ್ನು ಇಟ್ಟವರು ಯಾರು, ಈಗ ಅದು ಎಷ್ಟು ಜನರ ಬಳಿ ಇದೆ ಎಂದು ಕೇಳಿದರೆ ಬರುವ ಉತ್ತರ ಒಂದೇ: “ಅವರಿಗೆ ಗೊತ್ತಿರಬೇಕು.” ಅವರನ್ನು ಕೇಳಿದರೆ, “ಕೇಬಲ್‌ನ ಹುಡುಗ ಏನೋ ಇಟ್ಟು ಹೋಗಿದ್ದಾನೆ.”

ಮನೆಯ ಮುಂಬಾಗಿಲಿಗೆ ಹೊಸ ಬೀಗ ತಂದಾಗ, ಅದರ ಒಂದು ಕೀಲಿಕೈಯನ್ನು ಅಂಗಡಿಯವನೇ ಇಟ್ಟುಕೊಂಡರೆ ನಾವು ಸುಮ್ಮನಿರುತ್ತೇವೆಯೇ?

ನಾನು ಕಂಪ್ಯೂಟರ್ ಓದಿದವಳಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಹುಬ್ಬಳ್ಳಿಗೆ ಬಂದು, ಮನೆಯಲ್ಲೇ ಓಣಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವವಳು. ಪತಿಗೆ ಗೋವಾದಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಮನೆಯಲ್ಲಿ ಅತ್ತೆ, ಮಾವ, ನಾನು ಮತ್ತು ಮಗ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಾಗ ನಮ್ಮ ಓಣಿಯ ಹಲವು ಮನೆಗಳಂತೆ ನಮ್ಮ ಮನೆಗೂ ವೈಫೈ ಬಂತು. ಸಂಪರ್ಕವನ್ನು ಮಾವನವರ ಹೆಸರಿನಲ್ಲಿ ತೆಗೆದುಕೊಂಡೆವು. ಅವರ ಆಧಾರ್ ಕಾರ್ಡಿನಲ್ಲಿ ಈ ಮನೆಯ ವಿಳಾಸವಿತ್ತು, ಅಷ್ಟೇ ಕಾರಣ. ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಜೀವನವಿಡೀ ದುಡಿದು ನಿವೃತ್ತರಾದ ಅವರಿಗೆ ಇಂಟರ್ನೆಟ್ ಎಂದರೆ ಹಳೆಯ ಉಗಿಬಂಡಿಗಳ ವಿಡಿಯೋ ಮತ್ತು ರಾತ್ರಿಯ ವಾರ್ತೆ. ಡಬ್ಬಿ ಕೂರಿಸಲು ಬಂದ ಹುಡುಗ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, “ಚಾಚಾರ ಮೊಬೈಲ್ ನಂಬರನ ಪಾಸ್‌ವರ್ಡ್ ಇಟ್ಟೇನ್ರಿ ಅಕ್ಕಾರ, ಮರೆಯೂದಿಲ್ಲ” ಎಂದು ಹೇಳಿ ಹೋದ.

ಮೂರು ವರ್ಷ ಎಲ್ಲವೂ ಸರಿಯಾಗಿಯೇ ಇತ್ತು. 2023ರ ಚಳಿಗಾಲದಲ್ಲಿ, ತಿಂಗಳ ಕೋಟಾ ಇಪ್ಪತ್ತನೇ ತಾರೀಕಿಗೇ ಮುಗಿದು ನೆಟ್ ಎತ್ತಿನ ಬಂಡಿಯ ವೇಗಕ್ಕೆ ಇಳಿಯತೊಡಗಿತು. ಮಗನ ಮೇಲೆ ಅನುಮಾನ, ಮಗನಿಗೆ ಅಜ್ಜನ ಮೇಲೆ ಅನುಮಾನ. ಒಂದು ಮಧ್ಯಾಹ್ನ ಡಬ್ಬಿಯನ್ನು ಮೊಳೆಯಿಂದ ಇಳಿಸಿ ತಿರುಗಿಸಿ ನೋಡಿದೆ. ತಳದಲ್ಲಿ ಒಂದು ಚೀಟಿ. ಅದರಲ್ಲಿ 192.168.1.1 ಎಂಬ ಸಂಖ್ಯೆ, ಅದರ ಕೆಳಗೆ ಬಳಕೆದಾರರ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ಕೂಡ ‘ಅಡ್ಮಿನ್’. ಆ ಸಂಖ್ಯೆಯನ್ನು ಮೊಬೈಲಿನ ಬ್ರೌಸರಿನಲ್ಲಿ, ವೆಬ್‌ಸೈಟಿನ ಹೆಸರು ಬರೆಯುವ ಜಾಗದಲ್ಲೇ ಟೈಪ್ ಮಾಡಿದೆ. ಒಂದು ಪುಟ ತೆರೆಯಿತು. ಚೀಟಿಯಲ್ಲಿದ್ದ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟೆ. ಡಬ್ಬಿ ಒಂದು ಮಾತೂ ಆಡದೆ ಬಾಗಿಲು ತೆರೆಯಿತು.

ಒಳಗೆ ಒಂದು ಪಟ್ಟಿ ಇರುತ್ತದೆ, ಈ ಕ್ಷಣದಲ್ಲಿ ಯಾವ ಯಾವ ಉಪಕರಣಗಳು ವೈಫೈಗೆ ಸೇರಿಕೊಂಡಿವೆ ಎಂದು. ನಮ್ಮ ಮನೆಯಲ್ಲಿ ಮೊಬೈಲು ಮೂರು, ಟಿ.ವಿ. ಒಂದು, ಮಗನ ಲ್ಯಾಪ್‌ಟಾಪು ಒಂದು. ಒಟ್ಟು ಐದು. ಪಟ್ಟಿಯಲ್ಲಿ ಹನ್ನೊಂದು ಇದ್ದವು.

ಆ ಆರು ಯಾರವು ಎಂದು ಕಂಡುಹಿಡಿಯಲು ಪತ್ತೇದಾರಿಕೆ ಬೇಕಾಗಲಿಲ್ಲ. ಎದುರಿನ ಕಟ್ಟೆಯ ಮೇಲೆ ಸಂಜೆ ಕೂರುವ ಹುಡುಗರು, ತಲೆ ತಗ್ಗಿಸಿ ನೋಡುವ ಅವರ ಮೊಬೈಲುಗಳು ದಿನವೂ ಕಣ್ಣಿಗೆ ಬೀಳುತ್ತಿದ್ದವು. ವೈಫೈ ಎಂಬುದು ರೇಡಿಯೋದಂತೆಯೇ ಒಂದು ತರಂಗ. ನಮ್ಮ ಗೋಡೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಮಾಳಿಗೆ ದಾಟಿ, ಪಕ್ಕದ ಮನೆ ದಾಟಿ, ರಸ್ತೆಯ ತನಕ ಹೋಗುತ್ತದೆ. ಇನ್ನು ಪಾಸ್‌ವರ್ಡ್? ಮಾವನ ಮೊಬೈಲ್ ನಂಬರು ಗ್ಯಾಸ್ ತರುವವರ ಬಳಿ ಇದೆ, ರೀಚಾರ್ಜ್ ಅಂಗಡಿಯ ಪುಸ್ತಕದಲ್ಲಿದೆ, ಮದುವೆಯ ಆಮಂತ್ರಣ ಪತ್ರಿಕೆಯಲ್ಲೂ ಅಚ್ಚಾಗಿದೆ. ಕೇಬಲ್‌ನ ಹುಡುಗನನ್ನು ಕರೆದು ಕೇಳಿದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. “ಎಲ್ಲಾರ ಮನ್ಯಾಗೂ ಹಂಗ ಇಟ್ಟೇನ್ರಿ ಅಕ್ಕಾರ. ಅವರಿಗೂ ಸಲೀಸ, ನಮಗೂ ಸಲೀಸ.” ಅಂದರೆ ಇಡೀ ಓಣಿಯಲ್ಲಿ, ಮನೆಯ ಯಜಮಾನರ ನಂಬರು ಗೊತ್ತಿದ್ದವರಿಗೆ ಆ ಮನೆಯ ವೈಫೈಯೂ ಗೊತ್ತು.

ನಂಬರು ಗೊತ್ತಿಲ್ಲದ ಅಪರಿಚಿತನಿಗೂ ಇದು ಕಷ್ಟವಲ್ಲ. ನಾನು ಗಣಿತದವಳು, ಆದ್ದರಿಂದ ಲೆಕ್ಕ ಹಾಕಿಯೇ ಹೇಳುತ್ತೇನೆ. ನಮ್ಮ ದೇಶದ ಮೊಬೈಲ್ ನಂಬರು 10 ಅಂಕಿಯದು, 6, 7, 8 ಅಥವಾ 9ರಿಂದ ಆರಂಭವಾಗುತ್ತದೆ. ಅಂದರೆ ಹೆಚ್ಚೆಂದರೆ 400 ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡ ಸಂಖ್ಯೆ. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದ ಒಂದೇ ಕಂಪ್ಯೂಟರು ಇಂದು ಸೆಕೆಂಡಿಗೆ 10 ಲಕ್ಷಕ್ಕಿಂತ ಹೆಚ್ಚು ವೈಫೈ ಪಾಸ್‌ವರ್ಡುಗಳನ್ನು ಪರೀಕ್ಷಿಸಬಲ್ಲದು. ಭಾಗಿಸಿ ನೋಡಿ, 4,000 ಸೆಕೆಂಡು. ಒಂದು ತಾಸು ಚಿಲ್ಲರೆ. ಅದಕ್ಕೆ ಅವನು ನಮ್ಮ ಬಾಗಿಲಲ್ಲಿ ಕೂರಬೇಕಾಗಿಯೂ ಇಲ್ಲ. ನಮ್ಮ ಮನೆಯ ಒಂದು ಮೊಬೈಲು ಡಬ್ಬಿಗೆ ಸೇರಿಕೊಳ್ಳುವ ಆ ಕ್ಷಣದ ಮಾತುಕತೆಯನ್ನು ರಸ್ತೆಯಲ್ಲಿ ನಿಂತು ಹಿಡಿದುಕೊಂಡು ಹೋದರೆ ಸಾಕು. ಉಳಿದದ್ದನ್ನು ತನ್ನ ಮನೆಯಲ್ಲಿ ಚಹಾ ಕುಡಿಯುತ್ತ ಮಾಡಬಹುದು.

ಇಷ್ಟು ಮೊದಲನೆಯ ಕೀಲಿಕೈಯ ಮಾತಾಯಿತು. ಡಬ್ಬಿಗೆ ಎರಡು ಕೀಲಿಕೈಗಳಿವೆ ಎಂಬುದು ಹಲವರಿಗೆ ತಿಳಿದಿಲ್ಲ. ಮೊಬೈಲಿನಲ್ಲಿ ವೈಫೈ ಹಾಕಲು ಬೇಕಾಗುವ ಪಾಸ್‌ವರ್ಡು ಅಂಗಳದ ಗೇಟಿನ ಕೀಲಿಕೈ ಇದ್ದಂತೆ. ನಾನು ಚೀಟಿ ನೋಡಿ ತೆರೆದೆನಲ್ಲ, ಆ ‘ಅಡ್ಮಿನ್’ ಎಂಬುದು ಕಪಾಟಿನ ತಿಜೋರಿಯದು. ಅದು ಸಿಕ್ಕವನು ಮೊದಲನೆಯದನ್ನು ಬದಲಿಸಬಲ್ಲ, ನಮ್ಮನ್ನೇ ಹೊರಗಿಡಬಲ್ಲ, ಡಬ್ಬಿಯನ್ನು ತನ್ನ ಆಳಾಗಿ ಮಾಡಿಕೊಳ್ಳಬಲ್ಲ.

ಈ ಎರಡನೆಯ ಕೀಲಿಕೈಯನ್ನು ಕಾರ್ಖಾನೆಯಲ್ಲಿ ಇದ್ದಂತೆಯೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯ ಒಮ್ಮೆ ಕಂಡಿದೆ. 2017ರ ಜುಲೈ ಕೊನೆಯಲ್ಲಿ ಕರ್ನಾಟಕದಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಬಳಸುತ್ತಿದ್ದ ಸಾವಿರಾರು ಮನೆಗಳಲ್ಲಿ ಮೋಡೆಮ್‌ಗಳು ಒಂದರ ಹಿಂದೆ ಒಂದರಂತೆ ಕೆಲಸ ನಿಲ್ಲಿಸಿದವು. ಮಳೆಗಾಲದಲ್ಲಿ ಲೈನು ಹೋಗುವುದು ನಮಗೆ ಹೊಸತೇ? ಆದರೆ ಆಗ ಲೈನಿಗೆ ಏನೂ ಆಗಿರಲಿಲ್ಲ. ಇಂಟರ್ನೆಟ್ಟಿನ ಮೂಲಕವೇ ಬಂದ ಒಂದು ದುಷ್ಟ ಪ್ರೋಗ್ರಾಮು ಸುಮಾರು 60,000 ಮೋಡೆಮ್‌ಗಳನ್ನು ಕೆಡಿಸಿತ್ತು. ಬಲಿಯಾದವು ಯಾವುವೆಂದರೆ, ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ‘ಅಡ್ಮಿನ್’ ಎಂದೇ ಉಳಿದಿದ್ದವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಆಗ ಕಂಪನಿ ಗ್ರಾಹಕರಿಗೆ ತಿಳಿಸಿತು. ಬ್ರಿಕರ್‌ಬಾಟ್ ಎಂದು ಕರೆಯಲಾದ ಆ ಪ್ರೋಗ್ರಾಮಿನ ಹೆಸರಿನಲ್ಲೇ ಅದರ ಕೆಲಸವಿದೆ: ನಡೆಯುವ ಯಂತ್ರವನ್ನು ಇಟ್ಟಿಗೆಯಂತೆ ನಿರ್ಜೀವ ಮಾಡುವುದು. ಅದನ್ನು ಬರೆದವನ ವಾದ ಇನ್ನೂ ವಿಚಿತ್ರ. ಹೀಗೆ ಬೀಗವಿಲ್ಲದೆ ಬಿದ್ದಿರುವ ಯಂತ್ರಗಳನ್ನು ಬೇರೆ ದುಷ್ಟರು ಬಳಸಿಕೊಳ್ಳುತ್ತಾರೆ, ಅದಕ್ಕೆ ಮೊದಲು ನಾನೇ ಕೆಡಿಸಿಬಿಡುತ್ತೇನೆ ಎಂಬುದು. ಕಳ್ಳ ಬರಬಾರದೆಂದು ಮನೆಗೇ ಬೆಂಕಿ ಇಡುವ ಇಂಥ ಹಿತೈಷಿಗಳೂ ಇದ್ದಾರೆ.

ಅವನು ಹೇಳಿದ ಬೇರೆ ದುಷ್ಟರು ಮಾತ್ರ ಕಲ್ಪನೆಯಲ್ಲ. ನಾವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ, ಆ ಹೆಸರಿನವರ ಮನೆ ಎಲ್ಲಿದೆ ಎಂದು ಯಾವುದೋ ಒಂದು ಕಂಪ್ಯೂಟರಿನಲ್ಲಿ ವಿಚಾರಿಸಬೇಕಾಗುತ್ತದೆ. ಹಳ್ಳಿಯಲ್ಲಿ ಅಂಚೆಯಣ್ಣನನ್ನು ಕೇಳಿದಂತೆ. ಯಾರನ್ನು ಕೇಳಬೇಕೆಂಬುದನ್ನು ಡಬ್ಬಿಯಲ್ಲಿ ಬರೆದಿಟ್ಟಿರುತ್ತದೆ. ತಿಜೋರಿಯ ಕೀಲಿಕೈ ಸಿಕ್ಕವನು ಅಲ್ಲಿ ತನ್ನದೇ ಅಂಚೆಯಣ್ಣನನ್ನು ನಿಲ್ಲಿಸುತ್ತಾನೆ. ನಾವು ಬ್ಯಾಂಕಿನ ಹೆಸರನ್ನೇ ಸರಿಯಾಗಿ ಬರೆದಿರುತ್ತೇವೆ, ಹೋಗಿ ನಿಲ್ಲುವುದು ಕಳ್ಳನ ಅಂಗಡಿಯ ಮುಂದೆ. ಬ್ರೆಜಿಲ್ ದೇಶದಲ್ಲಿ 2011-12ರ ಸುಮಾರಿಗೆ 45 ಲಕ್ಷ ಮೋಡೆಮ್‌ಗಳನ್ನು ಹೀಗೆ ವಶಪಡಿಸಿಕೊಂಡು ಜನರನ್ನು ದೋಚಿದ್ದರು. ಬ್ಯಾಂಕಿನ ಪುಟ ತೆರೆಯುವಾಗ ಫೋನು “ಈ ಸಂಪರ್ಕ ಸುರಕ್ಷಿತವಲ್ಲ” ಎಂದು ಎಚ್ಚರಿಸಿದರೆ, ಅವಸರದಲ್ಲಿ ‘ಮುಂದುವರಿಸು’ ಒತ್ತಬೇಡಿ ಎನ್ನುವುದು ಇದಕ್ಕೇ.

ಹಣದ ಮಾತು ಒಂದು ಕಡೆ. ನನಗೆ ಆ ರಾತ್ರಿ ನಿದ್ದೆ ಬಾರದಂತೆ ಮಾಡಿದ್ದು ಬೇರೆಯದು.

ಮನೆಯೊಳಗಿನ ಮೊಬೈಲುಗಳು ಹನ್ನೊಂದಿರಲಿ ಇಪ್ಪತ್ತಿರಲಿ, ಹೊರಗಿನ ಲೋಕಕ್ಕೆ ಕಾಣುವುದು ಡಬ್ಬಿ ಒಂದೇ. ಇಂಟರ್ನೆಟ್ ಕಂಪನಿ ಆ ಡಬ್ಬಿಗೆ ಐ.ಪಿ. ಎಂಬ ಒಂದು ವಿಳಾಸ ಕೊಡುತ್ತದೆ. ಯಾವ ಹೊತ್ತಿಗೆ ಯಾವ ವಿಳಾಸ ಯಾವ ಗ್ರಾಹಕರ ಬಳಿ ಇತ್ತು ಎಂಬುದು ಕಂಪನಿಯ ದಾಖಲೆಯಲ್ಲಿರುತ್ತದೆ. ಕಟ್ಟೆಯ ಮೇಲೆ ಕೂತ ಹುಡುಗರಲ್ಲಿ ಒಬ್ಬ ಯಾರದೋ ಭಾವನೆ ಕೆರಳಿಸುವ ಚಿತ್ರವನ್ನು ಹರಿಬಿಟ್ಟನೆನ್ನಿ, ಯಾವುದೋ ಹೆಣ್ಣುಮಗಳಿಗೆ ಕೆಟ್ಟ ಸಂದೇಶ ಕಳಿಸಿದನೆನ್ನಿ. ತನಿಖೆ ಮಾಡುವವರಿಗೆ ಮೊದಲು ಸಿಗುವ ಹೆಸರು ಅವನದಲ್ಲ. ವರ್ಕ್‌ಶಾಪಿನಲ್ಲಿ ಒಂದು ದಿನವೂ ತಡವಾಗಿ ಹೋಗದ ನಮ್ಮ ಮಾವನದು.

ಇದು ಕಲ್ಪಿಸಿಕೊಂಡು ಹೆದರುವ ಮಾತಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಕೆಲವೇ ನಿಮಿಷಗಳ ಮೊದಲು ಟಿ.ವಿ. ಚಾನೆಲ್ಲುಗಳಿಗೆ ಒಂದು ಇ-ಮೇಲ್ ಬಂದಿತ್ತು. ಅದರ ವಿಳಾಸ ಹುಡುಕಿಕೊಂಡು ಹೋದ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಸಾನ್‌ಪಾಡಾದ ಒಂದು ಫ್ಲ್ಯಾಟಿಗೆ. ಅಲ್ಲಿ ವಾಸವಾಗಿದ್ದವರು ಕೆನ್ ಹೇವುಡ್ ಎಂಬ ಅಮೆರಿಕದ ಪ್ರಜೆ. ಅವರ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಆದರೂ ವಿಚಾರಣೆ, ಕಂಪ್ಯೂಟರುಗಳ ಜಪ್ತಿ, ಪತ್ರಿಕೆಗಳ ತುಂಬ ಹೆಸರು ಯಾವುದೂ ತಪ್ಪಲಿಲ್ಲ. ಅದೇ ವರ್ಷ ಮುಂಬಯಿಯ ಒಂದು ಕಾಲೇಜು ಮತ್ತು ಒಂದು ಕಂಪನಿಯ ವೈಫೈಯಿಂದಲೂ ಇಂಥ ಇ-ಮೇಲುಗಳು ಹೋದವು. 2009ರ ಜನವರಿಯಲ್ಲಿ ಮುಂಬಯಿ ಪೊಲೀಸರೇ ಬೀಗವಿಲ್ಲದ ವೈಫೈ ಎಲ್ಲಿದೆ ಎಂದು ಹುಡುಕಲು ಹೊರಟರು. ಮರುತಿಂಗಳು ಕೇಂದ್ರ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಈ ಬಗ್ಗೆ ಸೂಚನೆ ಹೊರಡಿಸಿತು.

ನಮ್ಮ ರಾಜ್ಯದ ಇನ್ನೊಂದು ಪ್ರಕರಣದಲ್ಲಿ ವೈಫೈ ಕಳ್ಳತನವೂ ಇರಲಿಲ್ಲ, ಬರೀ ವಿಳಾಸದ ತಪ್ಪು. 2007ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಪುಣೆಯ ಪೊಲೀಸರು ಬಂಧಿಸಿ ಕರೆದೊಯ್ದರು. ಆಗಿನ ಆರ್ಕುಟ್ ತಾಣದಲ್ಲಿ ಶಿವಾಜಿ ಮಹಾರಾಜರ ಅವಹೇಳನ ಮಾಡಿದ ಆರೋಪ. ಇಂಟರ್ನೆಟ್ ಕಂಪನಿ ಕೊಟ್ಟಿದ್ದ ಐ.ಪಿ. ವಿಳಾಸದ ಮಾಹಿತಿಯೇ ತಪ್ಪಾಗಿತ್ತೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಆತ ಜೈಲಿನಲ್ಲಿ ಕಳೆದದ್ದು 50 ದಿನ.

ಮೊಬೈಲಿನ ಒಂದು ಚಿತ್ರ ಏನು ಮಾಡಬಲ್ಲದೆಂಬುದನ್ನು ಹುಬ್ಬಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ನಡೆದದ್ದರ ಮೂಲ ಒಂದು ವಾಟ್ಸಾಪ್ ಸ್ಟೇಟಸ್. ಆ ನಂತರ ನೂರಕ್ಕೂ ಹೆಚ್ಚು ಮನೆಗಳ ಗಂಡುಮಕ್ಕಳು ಬಂಧನದಲ್ಲಿದ್ದರು, ಕೋರ್ಟಿನ ಬಾಗಿಲಲ್ಲಿ ಅವರ ತಾಯಂದಿರು ನಿಂತದ್ದನ್ನು ನೋಡಿದವರು ನಾವು. ಇಂಥ ಊರಿನಲ್ಲಿ, ನಮ್ಮಂಥ ಮನೆಯಲ್ಲಿ, “ಅದು ನಾವು ಮಾಡಿದ್ದಲ್ಲ, ಯಾರೋ ನಮ್ಮ ವೈಫೈ ಬಳಸಿದ್ದಾರೆ” ಎಂದು ಸಾಬೀತು ಮಾಡುವ ಹೊತ್ತಿಗೆ ಏನೇನು ಮುಗಿದುಹೋಗಿರುತ್ತದೆ ಎಂದು ಯೋಚಿಸಿ. ಕಟ್ಟೆಯ ಹುಡುಗರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ಕ್ರಿಕೆಟ್ ನೋಡುತ್ತಿದ್ದರಷ್ಟೇ. ಆದರೆ ಅವರಿಂದ ಆ ನಂಬರು ಯಾರಿಗೆ ಹೋಗಿದೆಯೋ, ಅದನ್ನು ಹೇಳಲು ಅವರಿಂದಲೂ ಆಗದು.

ಮರುದಿನ ಬೆಳಗ್ಗೆ ಮಾವನವರಿಗೆ ಎಲ್ಲವನ್ನೂ ವಿವರಿಸಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಆರಂಭಿಸಿದೆ. ಅರ್ಧ ಗಂಟೆಯ ಕೆಲಸ, ನೀವೂ ಮಾಡಬಹುದು. ಡಬ್ಬಿಯ ತಳದ ಚೀಟಿಯಲ್ಲಿರುವ ಸಂಖ್ಯೆಯಿಂದ ಒಳಗೆ ಹೋಗಿ. ಕೆಲವು ಕಂಪನಿಗಳ ಹೊಸ ಡಬ್ಬಿಗಳಲ್ಲಿ ಇದಕ್ಕಾಗಿ ಮೊಬೈಲ್ ಆ್ಯಪ್ ಇರುತ್ತದೆ, ಪ್ರತಿ ಡಬ್ಬಿಗೂ ಬೇರೆ ಬೇರೆ ಪಾಸ್‌ವರ್ಡನ್ನೇ ಅಚ್ಚು ಹಾಕಿರುತ್ತಾರೆ. ಮೊದಲು ಬದಲಿಸಬೇಕಾದದ್ದು ತಿಜೋರಿಯ ಕೀಲಿಕೈಯನ್ನು, ಅಂದರೆ ಆ ‘ಅಡ್ಮಿನ್’ ಪಾಸ್‌ವರ್ಡನ್ನು. ಗೇಟಿನದನ್ನು ಮಾತ್ರ ಬದಲಿಸಿ ಇದನ್ನು ಬಿಟ್ಟರೆ, ಒಳಗಿದ್ದವನು ಹೊಸದನ್ನೂ ಓದಿಕೊಂಡು ಹೋಗುತ್ತಾನೆ. ಕೇಬಲ್‌ನವರು ಆ ಪಾಸ್‌ವರ್ಡನ್ನು ನಿಮಗೆ ಕೊಟ್ಟಿಲ್ಲವಾದರೆ ಕೇಳಿ ಪಡೆಯಿರಿ, ಅಥವಾ ಅವರ ಕೈಯಿಂದಲೇ ನಿಮ್ಮ ಎದುರಿಗೆ ಬದಲಿಸಿಸಿ. ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡುವ ಸಾಹಸ ಬೇಡ. ಕಂಪನಿ ಹಾಕಿಕೊಟ್ಟ ಸಂಪರ್ಕದ ವಿವರಗಳೂ ಅಳಿಸಿಹೋಗಬಹುದು. ಆಮೇಲೆ ಎರಡು ದಿನ ನೆಟ್ಟಿಲ್ಲದೆ ಕೇಬಲ್‌ನವನ ದಾರಿ ಕಾಯಬೇಕು.

ವೈಫೈ ಪಾಸ್‌ವರ್ಡು ಕನಿಷ್ಠ 8 ಅಕ್ಷರದ್ದಿರಬೇಕು, 63 ಅಕ್ಷರಗಳ ತನಕ ಇಡಬಹುದು. ನಮಗೆ ಚಿಹ್ನೆ, ಅಂಕಿಗಳ ಕಸರತ್ತು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಿಗೆ ಬರೆದರೆ ಸಾಕು. ಗಿರಮಿಟ್ಟು, ಏಣಿ, ಛತ್ರಿ, ಮುಂಗುಸಿ ಎಂಬಂತೆ. (ಇದನ್ನೇ ಇಡಬೇಡಿ, ಪತ್ರಿಕೆ ಓದಿದವರೆಲ್ಲ ನಿಮ್ಮ ಮನೆಗೆ ಬಂದಾರು.) ಮಕ್ಕಳ ಹೆಸರು, ಹುಟ್ಟಿದ ದಿನ, ಗಾಡಿಯ ನಂಬರು ಯಾವುದೂ ಬೇಡ. ವೈಫೈಗೆ ಮನೆತನದ ಹೆಸರನ್ನೂ ಇಡಬೇಡಿ. ಯಾವ ಸಿಗ್ನಲ್ ಯಾರ ಮನೆಯದೆಂದು ರಸ್ತೆಗೆ ಡಂಗುರ ಸಾರುವುದೇಕೆ?

ಬೀಗದಲ್ಲೂ ತಲೆಮಾರುಗಳಿವೆ. ಸೆಕ್ಯುರಿಟಿ ಎಂಬಲ್ಲಿ ಡಬ್ಲ್ಯು.ಪಿ.ಎ.-2 ಅಥವಾ ಡಬ್ಲ್ಯು.ಪಿ.ಎ.-3 ಎಂದಿರಲಿ. ಡಬ್ಲ್ಯು.ಇ.ಪಿ. ಎಂದಿದ್ದರೆ ಅದು ಬೀಗವೇ ಅಲ್ಲ, 2001ರಲ್ಲೇ ಅದನ್ನು ಮುರಿಯುವ ದಾರಿ ತೋರಿಸಿಕೊಟ್ಟಿದ್ದಾರೆ. ಡಬ್ಲ್ಯು.ಪಿ.ಎಸ್. ಎಂಬ ಇನ್ನೊಂದು ಸೌಕರ್ಯವಿದೆ, ಪಾಸ್‌ವರ್ಡಿನ ಬದಲು 8 ಅಂಕಿಯ ಒಂದು ಪಿನ್ ಕೊಟ್ಟು ಸೇರಿಕೊಳ್ಳುವುದು. ಅದರ ಕಥೆಯನ್ನು ನಾನು ಟ್ಯೂಷನ್ ಮಕ್ಕಳಿಗೂ ಹೇಳುತ್ತೇನೆ. 8 ಅಂಕಿ ಎಂದರೆ ಕೋಟಿಗಟ್ಟಲೆ ಸಾಧ್ಯತೆ ತಾನೇ? ಆದರೆ ಡಬ್ಬಿಯು ಮೊದಲ ನಾಲ್ಕು ಅಂಕಿಗಳು ಸರಿಯೋ ತಪ್ಪೋ ಎಂದು ಬೇರೆಯಾಗಿ ಹೇಳಿಬಿಡುತ್ತದೆ. ಉಳಿದ ನಾಲ್ಕರಲ್ಲಿ ಕೊನೆಯದು ಹಿಂದಿನವುಗಳಿಂದ ಲೆಕ್ಕ ಹಾಕಿ ಬರುವ ಅಂಕಿ. ಹೀಗಾಗಿ 10,000 ಮತ್ತು 1,000, ಕೂಡಿದರೆ 11,000 ಪ್ರಯತ್ನಗಳಲ್ಲಿ ಬಾಗಿಲು ತೆರೆಯುತ್ತದೆ. 2011ರಲ್ಲಿ ಸ್ಟೆಫಾನ್ ವೀಬೆಕ್ ಎಂಬ ಸಂಶೋಧಕರು ಇದನ್ನು ಬಯಲಿಗೆ ತಂದರು. ಆ ಸೌಕರ್ಯವನ್ನು ಆರಿಸಿಬಿಡಿ. ಹೊರಗಿನಿಂದ ಡಬ್ಬಿಯನ್ನು ನಿಯಂತ್ರಿಸುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ತೆರೆದಿದ್ದರೆ ಅದನ್ನೂ ಮುಚ್ಚಿ. ಡಬ್ಬಿಯ ಒಳಗಿನ ಸಾಫ್ಟ್‌ವೇರಿಗೆ ಅಪ್‌ಡೇಟ್ ಬಂದಿದೆಯೇ ಎಂದು ಆಗಾಗ ನೋಡಿ.

ಸಿ.ಸಿ. ಟಿ.ವಿ. ಕ್ಯಾಮೆರಾ ಇರುವ ಮನೆಯವರಿಗೆ ಇನ್ನೊಂದು ಮಾತು. ಅದಕ್ಕೂ ಹೀಗೆಯೇ ಕಾರ್ಖಾನೆಯ ಪಾಸ್‌ವರ್ಡ್ ಇರುತ್ತದೆ. 2016ರಲ್ಲಿ ಮಿರಾಯಿ ಎಂಬ ಪ್ರೋಗ್ರಾಮು ಅರುವತ್ತರಷ್ಟು ಕಾರ್ಖಾನೆಯ ಪಾಸ್‌ವರ್ಡುಗಳ ಪಟ್ಟಿಯೊಂದನ್ನು ಹಿಡಿದು ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರುಗಳಿಗೆ ನುಗ್ಗಿತ್ತು. ನಾವು ಬಾಗಿಲಲ್ಲಿ ಸಲಾಮ್ ಹೇಳಿ, ಒಳಗಿನಿಂದ ಉತ್ತರ ಬಂದ ಮೇಲೆಯೇ ಕಾಲಿಡುವ ಜನ. ಹೆಂಗಸರು ನಿರಾಳವಾಗಿ ಕೂರುವ ಒಳಮನೆಗೆ ಕ್ಯಾಮೆರಾ ಬೇಕೇ ಎಂಬುದನ್ನು ಪಾಸ್‌ವರ್ಡಿಗಿಂತ ಮೊದಲು ಕೇಳಿಕೊಳ್ಳಿ. ನನಗಂತೂ ಬೇಡ.

ಪಾಸ್‌ವರ್ಡ್ ಬದಲಾದ ದಿನ ಸಂಜೆ ಕಟ್ಟೆ ಖಾಲಿಯಾಯಿತು. ಹುಡುಗರು ಏನೂ ಕೇಳಲಿಲ್ಲ. ಮೂರನೆಯ ದಿನ ಬಾಗಿಲು ತಟ್ಟಿದವಳು ಹಿಂದಿನ ಮನೆಯ ಹುಡುಗಿ. ಪಿ.ಯು.ಸಿ. ಎರಡನೇ ವರ್ಷ, ವಿಜ್ಞಾನ. ತಲೆ ತಗ್ಗಿಸಿ ನಿಂತು, “ಭಾಭಿ, ನಿಮ್ಮ ನೆಟ್ ಬಂದ್ ಆಗೇತೇನ್ರಿ?” ಎಂದಳು. ಆಮೇಲೆ ನಿಧಾನಕ್ಕೆ ವಿಷಯ ಹೊರಬಂತು. ಅವಳ ಅಣ್ಣ ಕಟ್ಟೆಯಿಂದ ಪಾಸ್‌ವರ್ಡ್ ತಂದು ಅವಳ ಫೋನಿಗೂ ಹಾಕಿಕೊಟ್ಟಿದ್ದ. ಸಿ.ಇ.ಟಿ.ಗಾಗಿ ಅವಳು ನೋಡುತ್ತಿದ್ದ ಪಾಠಗಳೆಲ್ಲ ನಮ್ಮ ನೆಟ್ಟಿನ ಮೇಲೆಯೇ. ಕೋಟಾ ಮುಗಿಸಿದವರಲ್ಲಿ ಅವಳೂ ಒಬ್ಬಳು. ತಂದೆ ಇಲ್ಲ, ತಾಯಿ ಹೊಲಿಗೆಯಿಂದ ಮನೆ ನಡೆಸುತ್ತಾರೆ. ಮನೆಗೊಂದು ವೈಫೈ ಹಾಕಿಸುವ ಮಾತು ಅಲ್ಲಿ ಏಳುವುದೇ ಇಲ್ಲ.

ಅವಳು ಹೋದ ಮೇಲೆ ಅತ್ತೆ ತಮ್ಮ ಉರ್ದುವಿನಲ್ಲಿ ನನ್ನನ್ನು ಸರಿಯಾಗಿಯೇ ತರಾಟೆಗೆ ತೆಗೆದುಕೊಂಡರು. ನೆರೆಯವರು ಒಂದು ಕೊಡ ನೀರು ಕೇಳಿದರೆ ಇಲ್ಲವೆನ್ನಬಹುದೇ, ಇದೂ ಹಾಗೆಯೇ ಅಲ್ಲವೇ, ಹುಡುಗಿಯ ಓದಿಗೆ ಕಲ್ಲು ಹಾಕಿದೆಯಲ್ಲ ಎಂದು. ನಳದಲ್ಲಿ ವಾರಕ್ಕೊಮ್ಮೆ ನೀರು ಬರುತ್ತಿದ್ದ ದಿನಗಳನ್ನು ಕಂಡ ಊರಿನವರಿಗೆ ನೀರಿನ ಮಾತು ಬೇಗ ನಾಟುತ್ತದೆ. ನಾನೂ ನೀರಿನಲ್ಲೇ ಉತ್ತರ ಕೊಟ್ಟೆ: “ಅಮ್ಮೀ, ಕೇಳಿದವರಿಗೆಲ್ಲ ನೀವು ಕೊಡ ತುಂಬಿಸಿ ಕೊಟ್ಟಿದ್ದೀರಿ. ಆದರೆ ಸಂಪಿನ ಮುಚ್ಚಳಕ್ಕೆ ಬೀಗ ಹಾಕುವುದನ್ನು ಒಂದು ದಿನವೂ ಬಿಟ್ಟಿಲ್ಲ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕೊಡ ತುಂಬಿಸಿ ಕೊಡು” ಎಂದರು.

ಅದಕ್ಕೂ ಡಬ್ಬಿಯಲ್ಲಿ ದಾರಿ ಇದೆ. ಬಹಳಷ್ಟು ರೂಟರುಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬುದೊಂದಿರುತ್ತದೆ. ಅತಿಥಿಗಳಿಗಾಗಿಯೇ ಇರುವ ಬೈಠಕ್ ಕೋಣೆ ಎಂದುಕೊಳ್ಳಿ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅಲ್ಲಿ ಬಂದವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯೊಳಗಿನ ಟಿ.ವಿ., ಲ್ಯಾಪ್‌ಟಾಪು ಕಾಣಿಸುವುದಿಲ್ಲ. ಬೇಡವಾದಾಗ ಅದೊಂದನ್ನೇ ಮುಚ್ಚಬಹುದು. ಈದ್‌ಗೆ ನೆಂಟರು ತುಂಬಿಕೊಂಡಾಗ ಎಲ್ಲರಿಗೂ ಅದನ್ನೇ ಕೊಡಿ. ಈಗಿನ ಮೊಬೈಲುಗಳು ಒಮ್ಮೆ ಕೇಳಿದ ಪಾಸ್‌ವರ್ಡನ್ನು ಚೌಕಾಕಾರದ ಕ್ಯು.ಆರ್. ಚಿತ್ರವಾಗಿ ಯಾರಿಗೆ ಬೇಕಾದರೂ ತೋರಿಸುತ್ತವೆ ಎಂಬುದು ನೆನಪಿರಲಿ. ನೀವು ಕೊಟ್ಟದ್ದು ಒಬ್ಬ ನೆಂಟನಿಗೆ, ತಲುಪುವುದು ಅವನ ಗೆಳೆಯರ ಬಳಗಕ್ಕೆ.

ಒಂದು ಸಂಗತಿಯನ್ನು ಮಾತ್ರ ಬೈಠಕ್ ಕೋಣೆಯೂ ಬದಲಿಸುವುದಿಲ್ಲ. ಅಲ್ಲಿಂದ ಹೋದದ್ದೂ ಹೊರಗಿನ ಲೋಕಕ್ಕೆ ಮಾವನ ಹೆಸರಿನಲ್ಲೇ ಹೋಗುತ್ತದೆ. ಆದ್ದರಿಂದ ಹುಡುಗಿಯ ತಾಯಿಯ ಬಳಿ ಕೂತು, ಬೆಂಗಳೂರಿನ ಇಂಜಿನಿಯರನ ಕಥೆಯನ್ನೂ ಹೇಳಿ, ಈ ಒಂದು ಫೋನಿಗೆ ಮಾತ್ರ, ಅಣ್ಣನಿಗೂ ಇಲ್ಲ ಎಂದು ಮಾತು ತೆಗೆದುಕೊಂಡೆ. ತಿಂಗಳ ಮೊದಲ ದಿನ ಆ ಪಾಸ್‌ವರ್ಡ್ ಬದಲಾಗುತ್ತದೆ. ಅವಳು ಬಂದು ಹೊಸದನ್ನು ಕೇಳಿಕೊಂಡು, ಜೊತೆಗೆ ಎರಡು ಕಠಿಣ ಲೆಕ್ಕಗಳನ್ನೂ ಬಿಡಿಸಿಕೊಂಡು ಹೋಗುತ್ತಿದ್ದಳು. ಪೂರ್ತಿ ಸುರಕ್ಷಿತವಾದ ದಾರಿ ಇದಲ್ಲವೆಂದು ಪತಿ ಗೋವಾದಿಂದ ಫೋನಿನಲ್ಲಿ ಹೇಳಿದರು. ನಿಜವೇ. ಆದರೆ ಯಾರಿಗೆ ಕೊಟ್ಟಿದ್ದೇವೆ ಎಂದು ಗೊತ್ತಿರುವುದಕ್ಕೂ ಯಾರ ಬಳಿ ಇದೆಯೆಂದೇ ಗೊತ್ತಿಲ್ಲದಿರುವುದಕ್ಕೂ ನನ್ನ ಲೆಕ್ಕದಲ್ಲಿ ಬಹಳ ಅಂತರವಿದೆ.

ನಡುವೆ ಮರೆಯಬಾರದ ಇನ್ನೊಂದು ಮಾತು. “ನಿಮ್ಮ ಇಂಟರ್ನೆಟ್ಟಿನಿಂದ ಅಪರಾಧ ನಡೆದಿದೆ, ನಾವು ಪೊಲೀಸರು, ವಿಡಿಯೋ ಕರೆಯಲ್ಲೇ ಇರಿ, ಹಣ ಕಟ್ಟಿ” ಎಂದು ಯಾರಾದರೂ ಫೋನಿನಲ್ಲಿ ಹೆದರಿಸಿದರೆ, ಅದು ವಂಚಕರ ಕರೆ. ಪೊಲೀಸರು ಫೋನಿನಲ್ಲಿ ಬಂಧಿಸುವುದಿಲ್ಲ, ಹಣವನ್ನೂ ಕೇಳುವುದಿಲ್ಲ. ಕರೆ ಕತ್ತರಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ.

ಎರಡೂ ಪಾಸ್‌ವರ್ಡುಗಳನ್ನು ಒಂದು ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಕಪಾಟಿನಲ್ಲಿಟ್ಟಿದ್ದೇನೆ. ಬರೆದಿಡಬಾರದು ಎನ್ನುವವರಿದ್ದಾರೆ, ಆದರೆ ಕಪಾಟಿಗೆ ಕೈ ಹಾಕುವ ಕಳ್ಳನಿಗೆ ನಮ್ಮ ವೈಫೈಗಿಂತ ಬೆಲೆಬಾಳುವ ಬೇರೆ ವಸ್ತುಗಳು ಅಲ್ಲಿ ಸಿಗುತ್ತವೆ. ಓಣಿಯ ಏಳು ಮನೆಗಳಲ್ಲಿ ಇದೇ ಕೆಲಸ ಮಾಡಿಕೊಟ್ಟೆ. ಒಂದು ಮನೆಯ ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು, ಆ ಮನೆಯಲ್ಲಿರುವವರು ಇಬ್ಬರೇ ವೃದ್ಧರು. ಅವರ ಮಗಳು ದುಬೈನಿಂದ ಫೋನ್ ಮಾಡಿ, ಪಾಸ್‌ವರ್ಡ್ ತನಗೂ ಹೇಳಬೇಡಿ, ಅಮ್ಮನ ಬಳಿಯೇ ಇರಲಿ ಎಂದಳು.

ಕಳೆದ ಮಳೆಗಾಲದಲ್ಲಿ ಡಬ್ಬಿ ಕೆಟ್ಟು ಹೊಸದನ್ನು ಕೂರಿಸಲು ಅದೇ ಕೇಬಲ್‌ನ ಹುಡುಗ ಬಂದಿದ್ದ. ತಂತಿ ಜೋಡಿಸಿ, ದೀಪ ಹಸಿರಾದ ಮೇಲೆ, ತನ್ನ ಮೊಬೈಲಿನಲ್ಲಿ ಪಾಸ್‌ವರ್ಡಿನ ಪುಟ ತೆರೆಯಹೊರಟವನು ಅಲ್ಲಿಗೇ ನಿಲ್ಲಿಸಿ ಮೊಬೈಲನ್ನು ಕಿಸೆಗಿಟ್ಟುಕೊಂಡ. “ನಿಮ್ಮ ಫೋನಿನ್ಯಾಗ ನೀವ ಹಾಕ್ಕೋರಿ ಅಕ್ಕಾರ. ನಾ ಆ ಕಡೆ ತಿರಗಿ ನಿಂದರ್ತೇನಿ” ಎಂದು ಕಿಟಕಿಯತ್ತ ಮುಖ ಮಾಡಿ ನಿಂತ. ಅತ್ತೆ ಅವನಿಗೆ ಚಹಾ ತಂದರು.